ಕಲ್ಕಿ ಬರುವವರೆಗೆ ಬಸ್ ಚಾರ್ಜು ಎಷ್ಟು?

(ಒಬ್ಬರು ನಂಜನಗೂಡು ತಾಲ್ಲೂಕಿನ ತಗಡೂರಿನಲ್ಲೇ ನೆಲೆಸಿರುವ ನಿವೃತ್ತ ಮೇಷ್ಟ್ರು. ಇನ್ನೊಬ್ಬಳು ಅವರ ಹಳೆಯ ಶಿಷ್ಯೆ, ಬೆಂಗಳೂರಿನಲ್ಲಿ ಸಿನಿಮಾ ಗ್ರಾಫಿಕ್ಸ್ ಕೆಲಸ ಮಾಡಿದವಳು. ಮಾತು ನಡೆದದ್ದು ಮೇಷ್ಟ್ರ ಮನೆ ಜಗಲಿಯಲ್ಲಿ.)

ಮೇಷ್ಟ್ರು: ನೀನು ಹೇಳಿದ್ದಕ್ಕೇ ಕೂತು ನೋಡಿದೆ ಕಣಮ್ಮ, ಉಪೇಂದ್ರನ ‘ಯುಐ’. ಶುರುವಿನಲ್ಲೇ, ಬುದ್ಧಿವಂತರಾದರೆ ಎದ್ದು ಹೋಗಿ ಅಂತಾನೆ. ನಾನು ಹೋಗಲಿಲ್ಲ.

ಶಿಷ್ಯೆ: ಅದು ಅವರ ಹಳೇ ವರಸೆ ಸಾರ್. ಸಿಟ್ಟು ಬಂತಾ?

ಮೇಷ್ಟ್ರು: ಇಲ್ಲಪ್ಪ. 2024ರ ಡಿಸೆಂಬರಿನಲ್ಲಿ ಸಿನಿಮಾ ಬರೋಕೆ ಮುಂಚೆ, 2040ರ ಲೋಕ ಅಂತ ಒಂದು ತುಣುಕು ಬಿಟ್ಟಿದ್ದರಲ್ಲ, ಹೊಟ್ಟೆಗಿಲ್ಲದ ಜನ, ಮೇಲಿಂದ ದರ್ಬಾರು ಮಾಡೋನೊಬ್ಬ. ಕನ್ನಡದಲ್ಲೂ ಇಂಥದ್ದು ಬಂತಲ್ಲ ಅಂತ ಖುಷಿಯಾಗಿತ್ತು. ಆದರೆ ಆ ಹಸಿದ ಜನ ಯಾರು? ಹಸಿಯೋದಕ್ಕೆ ಮುಂಚೆ ಏನು ಕೆಲಸ ಮಾಡ್ತಿದ್ದರು? ಯಾರ ಗದ್ದೆಯಲ್ಲಿ, ಯಾವ ಫ್ಯಾಕ್ಟರಿಯಲ್ಲಿ, ದಿನಕ್ಕೆ ಎಷ್ಟು ಕೂಲಿಗೆ? ಒಂದೂ ಗೊತ್ತಾಗಲ್ಲ. ಬರೀ ಗುಂಪು. ಸಂತೆ ಮುಗಿದ ಮೇಲೂ ಮನೆಗೆ ಹೋಗದೆ ನಿಂತ ಜನದ ಥರ.

ಶಿಷ್ಯೆ: ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಜಾತಿ, ಧರ್ಮ, ಮೊಬೈಲು, ಓಟು, ಎಲ್ಲವನ್ನೂ ಒಟ್ಟಿಗೆ ಎಳೆದು ತಂದು ಕಮರ್ಷಿಯಲ್ ಸಿನಿಮಾದ ನಡುವೆ ಇಡೋದಕ್ಕೆ ಧೈರ್ಯ ಬೇಕು. ಅದೇ ಮನುಷ್ಯ 2010ರಲ್ಲಿ ‘ಸೂಪರ್’ ಮಾಡಿದಾಗ ಏನು ತೋರಿಸಿದ್ದರು? 2030ರ ಭಾರತ ಶ್ರೀಮಂತ, ವಿದೇಶದವರೇ ಕೆಲಸ ಹುಡುಕಿಕೊಂಡು ಇಲ್ಲಿಗೆ ಬರ್ತಾರೆ. ಹದಿನಾಲ್ಕು ವರ್ಷದಲ್ಲಿ ಆ ಸ್ವರ್ಗ ಈ ನರಕ ಆಯಿತು. ಅದು ಸಣ್ಣ ವಿಷಯ ಅಲ್ಲ.

ಮೇಷ್ಟ್ರು: ಸ್ವರ್ಗದಲ್ಲೂ ಕೂಲಿಯವರು ಇದ್ದರಲ್ಲ! ಚರ್ಮದ ಬಣ್ಣ ಬದಲಾಯಿತು ಅಷ್ಟೆ. ಅಂದರೆ ಅಸಮಾನತೆ ಹೋಗಿರಲಿಲ್ಲ, ನಾವು ಮೇಲಿನ ಮೆಟ್ಟಿಲಿಗೆ ಹೋಗಿದ್ವಿ. ಥಿಯೇಟರಿನಲ್ಲಿ ಜನ ಶಿಳ್ಳೆ ಹೊಡೆದದ್ದು ಅದಕ್ಕೇ.

ಶಿಷ್ಯೆ: ಇದನ್ನ ಒಪ್ಪಿದೆ. ಇನ್ನೊಂದು ವಿಚಿತ್ರ ಗಮನಿಸಿದಿರಾ? ಅದೇ 2024ರ ಜೂನಿನಲ್ಲಿ ತೆಲುಗಿನ ‘ಕಲ್ಕಿ 2898 ಎಡಿ’ ಬಂತು. ಕೆಳಗೆ ಒಣಗಿಹೋದ ಕಾಶಿ, ಮೇಲೆ ತಲೆಕೆಳಗಾದ ಪಿರಮಿಡ್ಡಿನಂಥ ‘ಕಾಂಪ್ಲೆಕ್ಸ್’. ನೀರು, ಹಸಿರು, ಊಟ ಎಲ್ಲ ಮೇಲೆ. ಒಳಗೆ ಹೋಗಬೇಕಾದರೆ ಹತ್ತು ಲಕ್ಷ ‘ಯೂನಿಟ್’ ಇರಬೇಕು. ಕೊನೆಗೆ ಎಲ್ಲರೂ ಕಾಯೋದು ಕಲ್ಕಿ ಹುಟ್ಟಲಿ ಅಂತ. ‘ಯುಐ’ನಲ್ಲೂ ಕಲ್ಕಿ ಇದ್ದಾನೆ, ಸತ್ಯ ಮತ್ತು ಕಲ್ಕಿ ಎರಡೂ ಉಪೇಂದ್ರರೇ. ನಮ್ಮವರು ಮುಂದಿನ ಕಾಲದ ಬಗ್ಗೆ ಯೋಚನೆ ಮಾಡಿದ ಕೂಡಲೇ ಪುರಾಣದ ಬಾಗಿಲು ತಟ್ಟುತ್ತಾರೆ.

ಮೇಷ್ಟ್ರು: ತಟ್ಟಲಿ. ಆದರೆ ಆ ಪುರಾಣದಲ್ಲಿ ಏನಿದೆ ಅಂತ ಪೂರ್ತಿ ಓದಬೇಕು. ವಿಷ್ಣುಪುರಾಣದ ಕಲಿಯುಗ ವರ್ಣನೆಯಲ್ಲಿ ಹಣವೇ ಮನುಷ್ಯನ ಅಂತಸ್ತನ್ನ ತೀರ್ಮಾನ ಮಾಡುತ್ತೆ ಅನ್ನೋ ಮಾತಿದೆ. ಇವತ್ತಿನ ಸಿನಿಮಾದವರಿಗೆ ಅದು ಬಹಳ ಇಷ್ಟ ಆಗುತ್ತೆ. ಆದರೆ ಅದೇ ವರ್ಣನೆಯಲ್ಲಿ ವರ್ಣಧರ್ಮ ಕೆಟ್ಟುಹೋಗೋದೂ, ಕೆಳಗಿದ್ದವರು ಮೇಲಿನವರ ಸಮಕ್ಕೆ ಬರೋದೂ ಕೇಡಿನ ಲಕ್ಷಣ! ಹೆದರಿಕೊಂಡವರು ಯಾರು ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಶಿಷ್ಯೆ: ಒಬ್ಬರ ಕೇಡುಗಾಲ ಇನ್ನೊಬ್ಬರಿಗೆ ಬಿಡುಗಡೆಯ ಕಾಲ ಅಂತೀರಿ.

ಮೇಷ್ಟ್ರು: ಅಂತೀನಿ. ನಿಂತಿರೋ ನೆಲ ನೋಡು. ತಗಡೂರು ರಾಮಚಂದ್ರರಾಯರು ಇಲ್ಲಿ ಖಾದಿಯನ್ನೂ ಅಸ್ಪೃಶ್ಯತೆ ವಿರುದ್ಧದ ಕೆಲಸವನ್ನೂ ಒಟ್ಟಿಗೇ ಹೂಡಿದಾಗ, ಮಡಿ ಮೈಲಿಗೆಯಲ್ಲಿ ಬೆಳೆದವರಿಗೆ ಅದಕ್ಕಿಂತ ದೊಡ್ಡ ಪ್ರಳಯ ಬೇಕಿತ್ತಾ? 1934ರ ಹರಿಜನ ಯಾತ್ರೆಯಲ್ಲಿ ಗಾಂಧೀಜಿಯೇ ಈ ಊರಿಗೆ ಬಂದರು. ಕೇರಿಯವರಿಗೆ ಅದು ಒಂದು ಥರದ ದಿನ, ಅಗ್ರಹಾರಕ್ಕೆ ಇನ್ನೊಂದು ಥರದ ದಿನ. ಅವತ್ತು ಸಿನಿಮಾ ತೆಗೆದಿದ್ದರೆ ಕ್ಯಾಮೆರಾ ಎಲ್ಲಿ ಇಡ್ತಿದ್ದರು ಅನ್ನೋದೇ ನನ್ನ ಪ್ರಶ್ನೆ.

ಶಿಷ್ಯೆ: ಕ್ಯಾಮೆರಾ ಎಲ್ಲಿ ಇಡ್ತಾರೆ ಅನ್ನೋದಕ್ಕೆ ಒಂದು ಕಥೆ ಹೇಳ್ತೀನಿ. 2013ರ ಹಾಲಿವುಡ್ ಸಿನಿಮಾ ‘ಎಲಿಸಿಯಂ’. 2154ರಲ್ಲಿ ದುಡ್ಡಿರೋರೆಲ್ಲ ಆಕಾಶದಲ್ಲಿ ಒಂದು ಚಕ್ರದ ಮೇಲೆ ಬಂಗಲೆ ಕಟ್ಟಿಕೊಂಡಿದ್ದಾರೆ, ಬಡವರು ಭೂಮಿಯಲ್ಲಿ. ಮೇಲೆ ಯಾವ ಕಾಯಿಲೆಯನ್ನಾದರೂ ವಾಸಿ ಮಾಡೋ ಯಂತ್ರ ಮನೆಮನೆಗೂ ಇದೆ, ಕೆಳಗೆ ಇಲ್ಲ. ಆ ಹಾಳು ಭೂಮಿಯನ್ನ ಚಿತ್ರೀಕರಿಸೋಕೆ ಅವರು ಹೋದದ್ದು ಮೆಕ್ಸಿಕೊ ಸಿಟಿಯ ಹೊರಗಿನ ಬೊರ್ಡೊ ಪೊನಿಯೆಂತೆ ಅನ್ನೋ ಕಸದ ಗುಡ್ಡಕ್ಕೆ. 2154 ಅಂತ ಬೋರ್ಡು, ತೋರಿಸಿದ್ದು ಇವತ್ತಿನ ಕಸ.

ಮೇಷ್ಟ್ರು: ಇದನ್ನೇ ನಾನು ಹೇಳ್ತಿರೋದು. ಬಡತನವನ್ನ ನೂರು ವರ್ಷ ಮುಂದಕ್ಕೆ ತಳ್ಳಿಬಿಟ್ಟರೆ ನೋಡೋರಿಗೆ ಆರಾಮ. ಆದರೆ ಈಗಲೇ, ದೇಶದ ಸಂಪತ್ತು ನೂರು ರೂಪಾಯಿ ಅಂದರೆ ಅದರಲ್ಲಿ ನಲವತ್ತು ಒಂದು ಪರ್ಸೆಂಟ್ ಜನರ ಹತ್ತಿರ ಇದೆ ಅಂತ ಓದಿದ್ದೆ.

ಶಿಷ್ಯೆ: 2024ರ ಮಾರ್ಚಿನ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ ಲೆಕ್ಕ ಅದು. 2022–23ರಲ್ಲಿ ಮೇಲಿನ ಶೇ 1ರಷ್ಟು ಜನರ ಕೈಯಲ್ಲಿ ದೇಶದ ಸಂಪತ್ತಿನ ಶೇ 40.1, ಆದಾಯದಲ್ಲಿ ಶೇ 22.6. ಆದರೆ ಸಾರ್, ಈ ಅಂಕಿ ಕೇಳಿ ಯಾರೂ ಅಳಲ್ಲ. ಸಿನಿಮಾ ಬೇಕಾಗಿರೋದು ಅದಕ್ಕೆ. ‘ಇನ್ ಟೈಮ್’ ನೋಡಿದೀರಾ? 2011ರದ್ದು, ಆಂಡ್ರ್ಯೂ ನಿಕೊಲ್ ನಿರ್ದೇಶನ.

ಮೇಷ್ಟ್ರು: ಹೇಳು.

ಶಿಷ್ಯೆ: ಅಲ್ಲಿ ದುಡ್ಡಿಲ್ಲ, ಹೊತ್ತೇ ದುಡ್ಡು. ಇಪ್ಪತ್ತೈದು ವರ್ಷಕ್ಕೆ ಎಲ್ಲರ ವಯಸ್ಸೂ ನಿಂತುಹೋಗುತ್ತೆ, ಆಮೇಲೆ ಮುಂಗೈ ಮೇಲೆ ಒಂದು ಗಡಿಯಾರ ಓಡೋಕೆ ಶುರುವಾಗುತ್ತೆ. ಕೂಲಿ ಕೊಡೋದು ಗಂಟೆಯಲ್ಲಿ, ಬಾಡಿಗೆ ಕಟ್ಟೋದು ದಿನದಲ್ಲಿ. ಒಂದು ಕಪ್ ಕಾಫಿಗೆ ನಾಲ್ಕು ನಿಮಿಷ. ಗಡಿಯಾರ ಸೊನ್ನೆಗೆ ಬಂದರೆ ನಿಂತಲ್ಲೇ ಸಾವು. ಶ್ರೀಮಂತರ ಕೈಯಲ್ಲಿ ಸಾವಿರಾರು ವರ್ಷ, ಬಡವರ ಕೈಯಲ್ಲಿ ನಾಳೆ ಬೆಳಿಗ್ಗೆವರೆಗೆ. ನಾಯಕನ ತಾಯಿ ಸಾಲದ ಕಂತು ಕಟ್ಟಿ, ಒಂದೂವರೆ ಗಂಟೆ ಇಟ್ಟುಕೊಂಡು ಬಸ್ ಹತ್ತೋಕೆ ಬರ್ತಾಳೆ. ಒಂದು ಗಂಟೆ ಇದ್ದ ಚಾರ್ಜು ಅವತ್ತು ಎರಡು ಗಂಟೆ ಆಗಿದೆ. ಡ್ರೈವರ್ ಹತ್ತಿಸಿಕೊಳ್ಳಲ್ಲ. ಓಡ್ತಾಳೆ. ಮಗನ ಕೈಗೆ ಸಿಗೋ ಹೊತ್ತಿಗೆ ಮುಗಿದುಹೋಗಿರುತ್ತೆ.

ಮೇಷ್ಟ್ರು: ಬಸ್ ಚಾರ್ಜಿಗೆ ಸತ್ತಳು.

ಶಿಷ್ಯೆ: ಬಸ್ ಚಾರ್ಜಿಗೇ. ಸಿನಿಮಾದ ಎರಡನೇ ಅರ್ಧ ಬರೀ ಓಟ, ಕಾರು, ಬ್ಯಾಂಕ್ ದರೋಡೆ, ಬಿಡಿ. ಆದರೆ ಆ ಒಂದು ದೃಶ್ಯಕ್ಕೆ ಇಡೀ ‘ಎಲಿಸಿಯಂ’ ಕೊಡಬಹುದು. ಯಾಕೆ ಅಂದರೆ ಅಲ್ಲಿ ದರ ಹೇಳ್ತಾರೆ. ಎಷ್ಟಿತ್ತು, ಎಷ್ಟಾಯಿತು, ಯಾರು ಏರಿಸಿದರು, ಏರಿಸಿದ್ದು ಯಾಕೆ. ಕೆಳಗಿನವರು ಜಾಸ್ತಿ ದಿನ ಬದುಕಬಾರದು ಅಂತಲೇ ದರ ಏರಿಸ್ತಾರೆ.

ಮೇಷ್ಟ್ರು: ಅದನ್ನ ಇಲ್ಲಿ ತಿರುಗಿಸಿ ನೋಡು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಹೆಂಗಸರಿಗೆ ಬಸ್ ಚಾರ್ಜು ಸೊನ್ನೆ. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ, ಮೈಸೂರಿನ ಅಂಗಡಿ, ಆಸ್ಪತ್ರೆ, ಮನೆಗೆಲಸಕ್ಕೆ ಹೋಗೋ ಹೆಣ್ಣುಮಕ್ಕಳಿಗೆ ಅದು ದುಡ್ಡಿಗಿಂತ ಹೆಚ್ಚಾಗಿ ಹೊತ್ತು. ಚಾರ್ಜು ಉಳಿಸೋಕೆ ಒಂದು ಸ್ಟಾಪ್ ಹಿಂದೆಯೇ ಇಳಿದು ನಡೀಬೇಕಾಗಿಲ್ಲ. ಬಿಟ್ಟಿ ಭಾಗ್ಯ ಅಂತ ಆಡಿಕೊಂಡವರು ಕಾರಿನಲ್ಲಿ ಓಡಾಡೋರು.

ಶಿಷ್ಯೆ: ಗಂಡಸರಿಗೆ 2025ರ ಜನವರಿ 5ರಿಂದ ಶೇ 15 ಜಾಸ್ತಿ ಆಯಿತು, ಅದನ್ನೂ ಹೇಳಿ.

ಮೇಷ್ಟ್ರು: ಹೇಳ್ತೀನಿ, ನಾನೂ ಕೊಡ್ತಿದೀನಲ್ಲ. ಆದರೆ ನಿನ್ನ ‘ಇನ್ ಟೈಮ್’ ಕಥೆ ಕೇಳಿದ ಮೇಲೆ ಇನ್ನೊಂದು ಹಳೇ ಲೆಕ್ಕ ನೆನಪಿಗೆ ಬಂತು. ಹೊತ್ತಿಗೆ ಬೆಲೆ ಕಟ್ಟೋ ಜಗಳ ಈ ಖಾದಿ ಸೀಮೆಗೆ ಹೊಸದಲ್ಲ. 1935ರಲ್ಲಿ ಗಾಂಧೀಜಿ ಹಟ ಹಿಡಿದರು, ನೂಲೋ ಹೆಂಗಸಿಗೆ ಗಂಟೆಗೆ ಒಂದಾಣೆ, ಎಂಟು ಗಂಟೆ ದುಡಿದರೆ ಎಂಟಾಣೆ ಸಿಗಲೇಬೇಕು ಅಂತ. ಅಖಿಲ ಭಾರತ ಚರಕ ಸಂಘದ ಒಳಗೇ ಗಾಬರಿ. ಕೂಲಿ ಏರಿಸಿದರೆ ಖಾದಿ ಬೆಲೆ ಏರುತ್ತೆ, ಬೆಲೆ ಏರಿದರೆ ಕೊಳ್ಳೋರು ಯಾರು?

ಶಿಷ್ಯೆ: ಇವತ್ತಿನ ಕಂಪನಿಗಳೂ ಅದೇ ಮಾತು ಹೇಳ್ತವೆ.

ಮೇಷ್ಟ್ರು: ಅದೇ ಮಾತು. ಆದರೆ ಗಾಂಧಿ ಕೇಳಿದ್ದು, ಅಗ್ಗದ ಖಾದಿ ಉಟ್ಟು ದೇಶಸೇವೆ ಮಾಡಿದೆ ಅನ್ನೋನು ನೂಲಿದವಳ ಹೊಟ್ಟೆ ಮೇಲೆ ಹೊಡೆದ ಹಾಗಲ್ಲವಾ ಅಂತ. ಕೂಲಿ ಏರಿತು, ಎಂಟಾಣೆ ಮಾತ್ರ ಮುಟ್ಟಲಿಲ್ಲ. ಹಂಜಿ ಹಿಡಿದು ಕೂತವಳ ಒಂದು ಗಂಟೆ, ಅದನ್ನ ಉಡೋನ ಒಂದು ಗಂಟೆ, ಇವೆರಡರ ಬೆಲೆ ಯಾಕೆ ಬೇರೆ ಬೇರೆ? ನಿನ್ನ ಹಾಲಿವುಡ್ ಅದನ್ನ ಕೇಳೋಕೆ ಮುಂಗೈ ಮೇಲೆ ಗಡಿಯಾರ ಅಂಟಿಸಬೇಕಾಯಿತು.

ಶಿಷ್ಯೆ: ಗಡಿಯಾರ ಅಂದಿರಿ. ‘ಮೆಟ್ರೊಪೊಲಿಸ್’ನಲ್ಲಿ ಹತ್ತು ಗಂಟೆಯ ಗಡಿಯಾರವೇ ಇದೆ, ಪಾಳಿಗೆ ಸರಿಹೊಂದೋ ಹಾಗೆ. ಈ ಥರದ ಚಿತ್ರಗಳಿಗೆಲ್ಲ ಅದೇ ತಾಯಿ. ಫ್ರಿಟ್ಜ್ ಲಾಂಗ್, 1927ರ ಜನವರಿ, ಬರ್ಲಿನ್. ಮೇಲೆ ಆಟದ ಮೈದಾನ, ತೋಟ, ವಿಮಾನ. ನೆಲದಡಿಯಲ್ಲಿ ಕೂಲಿಗಳ ಊರು. ಯಜಮಾನನ ಮಗ ಕೆಳಗೆ ಇಳಿದು ನೋಡ್ತಾನೆ, ಯಂತ್ರ ಬಾಯಿ ತೆರೆದು ಜನರನ್ನ ನುಂಗಿದ ಹಾಗೆ ಅವನಿಗೆ ಕಾಣುತ್ತೆ.

ಮೇಷ್ಟ್ರು: ಅದೇ 1927ರಲ್ಲಿ ಗಾಂಧೀಜಿ ನಂದಿಬೆಟ್ಟದಲ್ಲಿ ಆರೋಗ್ಯ ಸುಧಾರಿಸಿಕೊಂಡು, ಆಮೇಲೆ ಮೈಸೂರು ಸೀಮೆ ಸುತ್ತಿ, ನಮ್ಮ ಪಕ್ಕದ ಬದನವಾಳಿನ ಖಾದಿ ಕೇಂದ್ರಕ್ಕೂ ಬಂದರು. ಅಲ್ಲಿ ಯಂತ್ರ ನುಂಗ್ತಿದೆ, ಇಲ್ಲಿ ರಾಟೆ ತಿರುಗ್ತಿದೆ. ಒಂದೇ ವರ್ಷ.

ಶಿಷ್ಯೆ: ಇಷ್ಟಕ್ಕೇ ಖುಷಿಪಡಬೇಡಿ, ಆ ಸಿನಿಮಾದ ಕೊನೆ ಕೇಳಿ. ಕೂಲಿಗಳು ದಂಗೆ ಎದ್ದು, ಊರು ಮುಳುಗಿ, ಕೊನೆಗೆ ಚರ್ಚಿನ ಮುಂದೆ ಯಜಮಾನ ಒಂದು ಕಡೆ, ಕೂಲಿಗಳ ಮೇಸ್ತ್ರಿ ಇನ್ನೊಂದು ಕಡೆ. ಮಗ ಇಬ್ಬರ ಕೈಯನ್ನೂ ಹಿಡಿದು ಸೇರಿಸ್ತಾನೆ. ತಲೆಗೂ ಕೈಗೂ ನಡುವೆ ಹೃದಯ ಇರಬೇಕು, ಅದೇ ನೀತಿ. ಕೂಲಿ ಎಷ್ಟು ಏರಿತು, ಪಾಳಿ ಎಷ್ಟು ಇಳಿಯಿತು, ಕೆಳಗಿನವರು ಮೇಲೆ ಮನೆ ಮಾಡಬಹುದಾ, ಒಂದೂ ಇಲ್ಲ. ಎಚ್.ಜಿ. ವೆಲ್ಸ್ ಆಗಲೇ ಇದಕ್ಕಿಂತ ಪೆದ್ದು ಚಿತ್ರ ಇಲ್ಲ ಅನ್ನೋ ಹಾಗೆ ಬರೆದರು. ಕಥೆ ಬರೆದ ಥೆಯಾ ಫಾನ್ ಹಾರ್ಬೌ ಆಮೇಲೆ ನಾಝಿ ಪಕ್ಷ ಸೇರಿದರು. ಲಾಂಗ್ ಜರ್ಮನಿ ಬಿಟ್ಟು ಹೋದರು; ಆ ಹೃದಯದ ನೀತಿಯಲ್ಲಿ ತನಗೆ ನಂಬಿಕೆ ಇರಲಿಲ್ಲ ಅಂತ ಎಷ್ಟೋ ವರ್ಷ ಆದ ಮೇಲೆ ಹೇಳಿಕೊಂಡರು. ಈಗ ಹೇಳಿ, ಯಜಮಾನನ ಹೃದಯ ಕರಗಲಿ ಅನ್ನೋದಕ್ಕೂ ನಿಮ್ಮ ಗಾಂಧಿಯ ಧರ್ಮದರ್ಶಿತ್ವಕ್ಕೂ ಏನು ವ್ಯತ್ಯಾಸ? ಶ್ರೀಮಂತ ತನ್ನ ಆಸ್ತಿಗೆ ಟ್ರಸ್ಟಿ ಇದ್ದ ಹಾಗೆ ಇರಬೇಕು ಅಂದರಲ್ಲ ಅವರೂ!

ಮೇಷ್ಟ್ರು: ಒಳ್ಳೇ ಜಾಗದಲ್ಲಿ ಹಿಡಿದೆ. ಧರ್ಮದರ್ಶಿತ್ವದ ಮಟ್ಟಿಗೆ ನನಗೂ ಹೆಚ್ಚು ವ್ಯತ್ಯಾಸ ಕಾಣಲ್ಲ. ಯಾವ ಸಾಹುಕಾರನೂ ಹಾಗೆ ಟ್ರಸ್ಟಿ ಆಗಿ ಕೂತದ್ದು ನಾನಂತೂ ನೋಡಿಲ್ಲ. ಆದರೆ ಗಂಟೆಗೆ ಒಂದಾಣೆ ಅಂದರಲ್ಲ, ಅಲ್ಲಿ ಅವರು ಹೃದಯ ಬಿಟ್ಟು ಲೆಕ್ಕಕ್ಕೆ ಇಳಿದರು. ಆ ಗಾಂಧಿ ನನಗೆ ಬೇಕು.

ಶಿಷ್ಯೆ: ಅಸ್ಪೃಶ್ಯತೆ ವಿಷಯದಲ್ಲೂ ಹೃದಯ ಪರಿವರ್ತನೆಯನ್ನೇ ನಂಬಿದ್ದರು. ಆಗಿದ್ದೇನು? 1993ರಲ್ಲಿ ಅದೇ ಬದನವಾಳಿನಲ್ಲಿ, ದೇವಸ್ಥಾನ ಪ್ರವೇಶದ ಹಗೆಯಲ್ಲಿ ಮೂವರು ದಲಿತರ ಕೊಲೆ ಆಯಿತು. ಗಾಂಧಿ ಬಂದುಹೋಗಿ ಅರವತ್ತಾರು ವರ್ಷ ಆಗಿತ್ತು.

ಮೇಷ್ಟ್ರು: ಆ ಸುದ್ದಿ ಬಂದ ದಿನ ಇಡೀ ತಾಲ್ಲೂಕಿನಲ್ಲಿ ಯಾರ ಮುಖ ಯಾರು ನೋಡೋದು ಅನ್ನೋ ಹಾಗಿತ್ತು. ಮುಂದೆ, 2015ರಲ್ಲಿ ರಂಗಕರ್ಮಿ ಪ್ರಸನ್ನ ಅದೇ ಖಾದಿ ಕೇಂದ್ರದ ಅಂಗಳದಲ್ಲಿ ಬದನವಾಳು ಸತ್ಯಾಗ್ರಹ ಕೂತರು, ಸರಳ ಬದುಕು, ಕೈ ಉತ್ಪನ್ನ ಅಂತ. ಎಲ್ಲೆಲ್ಲಿಂದಲೋ ಜನ ಬಂದರು. ಒಳ್ಳೇ ಕೆಲಸವೇ. ಆದರೆ ಸರಳವಾಗಿ ಬದುಕಿ ಅಂತ ಹೇಳಿಸಿಕೊಳ್ಳೋಕೆ ಮೊದಲು ಒಂದಷ್ಟಾದರೂ ಇರಬೇಕಲ್ಲಮ್ಮ.

ಶಿಷ್ಯೆ: ಹಾಗಾದರೆ ನಿಮಗೆ ‘ಸ್ನೋಪಿಯರ್ಸರ್’ ಹಿಡಿಸುತ್ತೆ. ಕೊರಿಯಾದ ಬೋಂಗ್ ಜೂನ್ ಹೊ, ಇದೂ 2013ರದ್ದೇ. ಭೂಮಿಯೆಲ್ಲ ಮಂಜು, ಉಳಿದವರು ನಿಲ್ಲದೆ ಸುತ್ತೋ ಒಂದು ರೈಲಿನಲ್ಲಿ. ಮುಂದಿನ ಬೋಗಿಗಳಲ್ಲಿ ತೋಟ, ಶಾಲೆ, ಕುಣಿತ. ಬಾಲದ ಬೋಗಿಯವರಿಗೆ ಹುಳ ಅರೆದು ಮಾಡಿದ ಕಪ್ಪು ಅಚ್ಚು.

ಮೇಷ್ಟ್ರು: ಟೈಲೆಂಡ್‌ನವರು ಅನ್ನು! ಕಬಿನಿ ಬಲದಂಡೆ ನಾಲೆಯ ರೈತರು ದಿನಾ ಆಡೋ ಮಾತು. ತೂಬಿನ ಹತ್ತಿರದವನು ಭತ್ತದ ಮೇಲೆ ಭತ್ತ ಹಾಕ್ತಾನೆ, ಕೊನೇ ಭಾಗದವನು ನೀರು ಬಿಟ್ಟರಂತೆ ಅನ್ನೋ ಸುದ್ದಿ ಕೇಳ್ತಾ ಕೂತಿರ್ತಾನೆ.

ಶಿಷ್ಯೆ: ಅವರು ಬೋಗಿ ಬೋಗಿ ದಾಟಿ ಇಂಜಿನ್ ಮುಟ್ಟುತ್ತಾರೆ. ಅಲ್ಲಿ ನಾಯಕನಿಗೆ ಯಜಮಾನಿಕೆಯನ್ನೇ ಕೊಡೋಕೆ ಬರ್ತಾರೆ, ನೀನೇ ನಡೆಸು ಅಂತ. ಆಗ ಕಾಣೋದು, ಇಂಜಿನ್ನಿನ ನೆಲದಡಿ ಒಂದು ಪುಟ್ಟ ಮಗು. ಸವೆದುಹೋದ ಬಿಡಿಭಾಗ ಸಿಗದೆ ಅದರ ಜಾಗದಲ್ಲಿ ಬಾಲದವರ ಮಕ್ಕಳನ್ನ ಕೂರಿಸಿದ್ದಾರೆ, ಸಣ್ಣ ಮೈ ಬೇಕು ಅಂತ.

ಮೇಷ್ಟ್ರು: (ಸ್ವಲ್ಪ ಹೊತ್ತು ಬಿಟ್ಟು) ಇದು ಸರಿಯಾದ ಸಿನಿಮಾ. ಮೇಲಿನವನ ಸುಖಕ್ಕೆ ಕೆಳಗಿನವನ ಕೈ ಎಲ್ಲಿ ಸೇರಿದೆ ಅಂತ ಬೆರಳಿಟ್ಟು ತೋರಿಸಿದೆ. ‘ಯುಐ’ನಲ್ಲಿ, ‘ಕಲ್ಕಿ’ಯಲ್ಲಿ ನನಗೆ ಸಿಗದೆ ಇದ್ದದ್ದು ಇದೇ. ಅಲ್ಲಿ ಬಡವರು ಸುಮ್ಮನೆ ಬಡವರು, ಮಳೆ ಬಾರದೆ ಇದ್ದ ಹಾಗೆ. ಜನ ದಡ್ಡರಾದರು, ದೊರೆ ಕೆಟ್ಟವನಾದ, ಆದ್ದರಿಂದ ಹಸಿವು ಬಂತು ಅನ್ನೋದು ಅರ್ಧ ಸತ್ಯ. ಅವರ ಬಾಯಿಂದ ತೆಗೆದದ್ದು ಯಾರ ಉಗ್ರಾಣಕ್ಕೆ ಹೋಯಿತು?

ಶಿಷ್ಯೆ: ಆ ಪ್ರಶ್ನೆ ನನ್ನ ಕೆಲಸಕ್ಕೂ ಬರುತ್ತೆ ಸಾರ್. ಈ ಹಾಲಿವುಡ್ ಲೋಕಗಳಿಗೆಲ್ಲ ರೋಟೊ ಅನ್ನೋ ಕೆಲಸ ಬೇಕು. ನಟನ ಅಂಚನ್ನ ಫ್ರೇಮ್ ಫ್ರೇಮಿಗೂ ಗೆರೆ ಹಾಕಿ ಬಿಡಿಸಿಕೊಡಬೇಕು, ಹಿಂದೆ ಉರಿಯೋ ಊರನ್ನ ಆಮೇಲೆ ಇನ್ಯಾರೋ ಸೇರಿಸ್ತಾರೆ. ಒಂದು ಸೆಕೆಂಡಿಗೆ 24 ಫ್ರೇಮು. ಕೂದಲು ಹಾರಾಡಿದರೆ ನಮ್ಮ ಕಥೆ ಮುಗಿಯಿತು. ಅಗ್ಗ ಅಂತ ಆ ಕೆಲಸದ ಬಹುಪಾಲು ಬೆಂಗಳೂರು, ಚೆನ್ನೈ, ಹೈದರಾಬಾದು, ಮುಂಬೈಗೆ ಬರುತ್ತೆ. ಅಸಮಾನತೆ ಅನ್ಯಾಯ ಅಂತ ಸಾರೋ ಶಾಟಿಗೇ ನಾವು ರಾತ್ರಿ ಪಾಳಿಯಲ್ಲಿ ಗೆರೆ ಹಾಕಿದ್ದೇವೆ.

ಮೇಷ್ಟ್ರು: ನಿಮ್ಮ ಹೆಸರು ಬರುತ್ತಾ, ಕೊನೇಲಿ?

ಶಿಷ್ಯೆ: ಎಲ್ಲರದ್ದೂ ಬರಲ್ಲ. 2025ರ ಫೆಬ್ರವರಿಯಲ್ಲಿ ಇದೇ ಗ್ರಾಫಿಕ್ಸ್ ಕೆಲಸದ ಟೆಕ್ನಿಕಲರ್ ಗುಂಪು ಕುಸಿದುಬಿತ್ತಲ್ಲ, ನೂರು ವರ್ಷದ ಹೆಸರು. ಬೆಂಗಳೂರು, ಮುಂಬೈ ಸೇರಿ ಸುಮಾರು ಮೂರು ಸಾವಿರ ಜನರ ಕೆಲಸಕ್ಕೆ ಕುತ್ತು ಬಂತು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ನಾನಿದ್ದದ್ದು ಅಲ್ಲಲ್ಲ. ಆದರೂ ಆ ವಾರ ನಮ್ಮ ಸ್ಟುಡಿಯೊದಲ್ಲಿ ಯಾರಿಗೂ ಊಟ ಸೇರಲಿಲ್ಲ.

ಮೇಷ್ಟ್ರು: ಇಂಜಿನ್ ಕೆಳಗಿನ ಮಗು ಅಂದೆಯಲ್ಲ…

ಶಿಷ್ಯೆ: ಹಾಗೆ ಹೋಲಿಸಿದರೆ ಜಾಸ್ತಿ ಆಗುತ್ತೆ. ನಮಗೆ ಏಸಿ ಇತ್ತು, ಕ್ಯಾಬ್ ಇತ್ತು. ನೆಲ ಒರೆಸೋ ಅಕ್ಕನಿಗೆ ಏನಿತ್ತು ಅಂತ ನಾನೂ ಕೇಳಿರಲಿಲ್ಲ.

ಮೇಷ್ಟ್ರು: ಈ ಮಾತಿಗೆ ದೇವನೂರ ಮಹಾದೇವ ನೆನಪಾಗ್ತಾರೆ. ನಮ್ಮ ತಾಲ್ಲೂಕಿನವರೇ. ‘ಒಡಲಾಳ’ದಲ್ಲಿ ಯಂತ್ರ ಇಲ್ಲ, ಮುಂದಿನ ಕಾಲ ಇಲ್ಲ. ಸಾಹುಕಾರನ ಕಡಲೆಕಾಯಿ ಕದ್ದು ತಂದು, ಒಂದು ಸಂಸಾರ ರಾತ್ರಿಯೆಲ್ಲ ಒಲೆ ಸುತ್ತ ಕೂತು ತಿಂದು ಮುಗಿಸೋ ಕಥೆ. ಬೆಳಿಗ್ಗೆ ಪೊಲೀಸರು ಬರ್ತಾರೆ. ಆ ಗುಡಿಸಲಿನಲ್ಲಿ ಇರೋರು ಗುಂಪಲ್ಲ. ಒಬ್ಬೊಬ್ಬರಿಗೂ ಹೆಸರಿದೆ, ಜಗಳ ಇದೆ, ನಗು ಇದೆ. ಇಷ್ಟು ಗೊತ್ತಿರೋ ನೆಲದಿಂದ ಒಬ್ಬರು 2040ರ ಸಿನಿಮಾ ಮಾಡಿದರೆ ಹೇಗಿರುತ್ತೆ ಅನ್ನೋದು ನನ್ನ ಆಸೆ.

ಶಿಷ್ಯೆ: ಅಂಥ ಸಿನಿಮಾಗೆ ದುಡ್ಡು ಹಾಕೋರು ಯಾರು?

ಮೇಷ್ಟ್ರು: ಅದು ಗೊತ್ತಿಲ್ಲಮ್ಮ. ನೋಡೋರನ್ನ ತಯಾರು ಮಾಡೋದು ಮಾತ್ರ ನನ್ನ ಕೈಲಾಗುತ್ತೆ. ನಮ್ಮ ಸ್ಕೂಲಿನಲ್ಲಿ ಗೋಡೆ ಇದೆ, ಪ್ರೊಜೆಕ್ಟರ್ ಇದೆ. ‘ಇನ್ ಟೈಮ್’ಗೆ ಹಕ್ಕು, ಅನುಮತಿ ಅಂತ ತಕರಾರು ಬರುತ್ತೆ. ‘ಮೆಟ್ರೊಪೊಲಿಸ್’ಗೆ?

ಶಿಷ್ಯೆ: ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆ ಆದ ಮೇಲೆ 60 ವರ್ಷ, ಅದು ಯಾವಾಗಲೋ ಮುಗೀತು. ಕತ್ತರಿಸಿ ಬಿಸಾಡಿದ್ದ ಭಾಗ 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿ, 2010ರಲ್ಲಿ ಹೆಚ್ಚುಕಮ್ಮಿ ಪೂರ್ತಿ ರೂಪ ಬಂತು. ಎರಡೂವರೆ ಗಂಟೆ. ಆ ಹೊಸ ಪ್ರತಿಗೆ, ಅದರ ಸಂಗೀತಕ್ಕೆ ಬೇರೆ ಹಕ್ಕು ಇರಬಹುದು, ಹಳೇ ಪ್ರತಿಯೇ ವಾಸಿ. ಆದರೆ ಮಕ್ಕಳು ಕೂತು ನೋಡ್ತಾರಾ?

ಮೇಷ್ಟ್ರು: ಯಂತ್ರ ಜನರನ್ನ ನುಂಗೋ ದೃಶ್ಯ ಇರುವಾಗ ಯಾಕೆ ಕೂರಲ್ಲ? ಕೊನೇಲಿ ಕೈ ಕುಲುಕಿಸ್ತಾರಲ್ಲ, ಅಲ್ಲಿ ನಿಲ್ಲಿಸಿ ಕೇಳ್ತೀನಿ: ನಾಳೆಯಿಂದ ಇವರ ಕೂಲಿ ಎಷ್ಟು ಮಾಡೋಣ, ನೀವೇ ಹೇಳಿ ಅಂತ. ಬೇರೆ ಊರಿನ ಮೇಷ್ಟ್ರುಗಳೂ ಮಾಡಬಹುದು, ಖರ್ಚಿಲ್ಲದ ಕೆಲಸ. ಮೂಕಿ ಚಿತ್ರ ತಾನೆ, ನಡುನಡುವೆ ಬರೋ ಬರಹದ ಕಾರ್ಡುಗಳನ್ನ ಕನ್ನಡದಲ್ಲಿ ಓದಿ ಹೇಳೋಕೆ ಒಬ್ಬರು ಇದ್ದರೆ ಸಾಕು.

ಶಿಷ್ಯೆ: ಶನಿವಾರ ಇಟ್ಟುಕೊಳ್ಳಿ, ಓದೋಕೆ ನಾನು ಬರ್ತೀನಿ. ಬಸ್ಸು ಹೇಗೂ ಫ್ರೀ.